ಮರಿಯಮ್ಮನಿಗೆ ಓದಿ ಹೇಳಿದ ವಾಕ್ಯ

ಸತ್ಯವೇದದಲ್ಲಿ ಇಲ್ಲದ ಮಾತನ್ನು ಇದೆ ಎಂದು ನಾನು ಓದಿ ಹೇಳಿದ್ದೇನೆ. ಬಾಯಿ ತಪ್ಪಿ ಅಲ್ಲ. ಪುಟ ಕಣ್ಣೆದುರಿಗಿತ್ತು, ಬೆಳಕಿತ್ತು, ಕನ್ನಡಕ ಬೇಕಾಗದ ವಯಸ್ಸು. ಕೇಳಿದವಳಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ನಂಬಿದಳು. ನಂಬಿಕೊಂಡೇ ಬದುಕಿ, ನಂಬಿಕೊಂಡೇ ತೀರಿಹೋದಳು.

ನಾನು ಮಿಶನ್ ಬೋರ್ಡಿಂಗಿನಲ್ಲಿ ಬೆಳೆದವಳು. ಐದಕ್ಕೆ ಗಂಟೆ, ಆರಕ್ಕೆ ಪ್ರಾರ್ಥನೆ, ಏಳಕ್ಕೆ ಗಂಜಿ. ತಾಯಿಯ ಮುಖ ನೆನಪಿಲ್ಲ. ಆ ಗಂಟೆಯ ಸದ್ದು ನೆನಪಿದೆ. ಬಿಟ್ಟು ಬರುವ ದಿನ ಕೈಗೊಂದು ಸತ್ಯವೇದ, ಕನ್ನಡದ ಬೈಬಲ್, ಕೊಟ್ಟರು. ದಿನಕ್ಕೊಂದು ಅಧ್ಯಾಯ, ಸಂಜೆ ಆರಕ್ಕೆ — ಈ ನಿಯಮವನ್ನು ನಾನು ಜ್ವರದಲ್ಲೂ ಮುರಿದವಳಲ್ಲ.

ಕಾಲುವೆಗೆ ನೀರು ಬಿಟ್ಟ ಹೊಸತರಲ್ಲಿ ಸಿಂಧನೂರಿನ ಆಚೆ, ಕಾಲುವೆ ಕೂಲಿಯವರ ಒಂದು ಕ್ಯಾಂಪಿನ ಶಾಲೆಗೆ ಶಿಕ್ಷಕಿಯಾಗಿ ಬಂದೆ. ಉಪಕಾಲುವೆಗಳ ಅಗೆತ ಇನ್ನೂ ನಡೆದಿತ್ತು. ಮಣ್ಣು ಹೊರುವವರಲ್ಲಿ ನಮ್ಮ ಕ್ರೈಸ್ತ ಸಭೆಯ ಹತ್ತು ಹನ್ನೆರಡು ಮನೆಗಳಿದ್ದವು. ಪಾದ್ರಿಗಳು ತಿಂಗಳಿಗೊಮ್ಮೆ ಲಿಂಗಸುಗೂರಿನಿಂದ ಬರುವರು. ಉಳಿದ ದಿನಗಳಲ್ಲಿ ಓದುವವಳು ನಾನು. ಅಲ್ಲಿ ಓದು ಬಲ್ಲವಳು ನಾನೊಬ್ಬಳೇ.

ಮರಿಯಮ್ಮ ಆ ಮನೆಗಳವಳು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬುಟ್ಟಿ ಇಳಿಸಿ, ಕಾಲುವೆಯಲ್ಲಿ ಕೈಕಾಲು ತೊಳೆದು, ಸರಿಯಾಗಿ ಆರಕ್ಕೆ ನನ್ನ ಹೊಸ್ತಿಲಲ್ಲಿ ಕೂರುತ್ತಿದ್ದಳು. ಕೇಳಿದ್ದೆಲ್ಲ ಅವಳಿಗೆ ಪಕ್ಕದ ಓಣಿಯಲ್ಲಿ ನಡೆದಂತೆ. ತಮ್ಮನನ್ನು ಅಣ್ಣಂದಿರೇ ಮಾರಿದ ಕಥೆ ಓದಿದ ದಿನ ಕೆಂಡವಾದಳು. “ಆ ಅಣ್ಣಗೋಳನ್ನ ನಮ್ಮ ಮೇಸ್ತ್ರಿ ಕೈಯಾಗ ಕೊಡಬೇಕ್ರಿ ಅಕ್ಕೋರ. ಎಂಟು ದಿನ ಮಣ್ಣು ಹೊರಿಸಿದ್ರ ಬುದ್ಧಿ ಬರ್ತಿತ್ತು.” ನನ್ನನ್ನೂ ಬಿಡುತ್ತಿರಲಿಲ್ಲ. “ನಿಮ್ಮ ಗಡಿಯಾರಕ್ಕ ಚಾವಿ ಕೊಡದಿದ್ರ ಕ್ಯಾಂಪಿನ ಕೋಳಿನೂ ಕೂಗಂಗಿಲ್ಲ ಬಿಡ್ರಿ.”

ನಗುವುದನ್ನು ನನಗೆ ಯಾವ ಗಂಟೆಯೂ ಕಲಿಸಿರಲಿಲ್ಲ. ಅವಳು ಬಂದಾಗ ನಗುತ್ತಿದ್ದೆ. ದಿನದ ಉಳಿದ ಹೊತ್ತು ಆ ಆರು ಗಂಟೆಗಾಗಿಯೇ ಇರುತ್ತಿತ್ತು — ಇದನ್ನು ಆಗ ನಾನು ಒಪ್ಪುತ್ತಿರಲಿಲ್ಲ.

ನಮ್ಮವರಲ್ಲೊಂದು ರೂಢಿಯಿತ್ತು. ಮನಸ್ಸು ಎರಡಾದಾಗ ಪ್ರಾರ್ಥಿಸಿ, ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಡುವುದು. ಬೆರಳು ಮುಟ್ಟಿದ ವಾಕ್ಯವೇ ದೇವರ ಉತ್ತರ. ಎಮ್ಮೆ ಕೊಳ್ಳಲು, ಮಗುವಿಗೆ ಹೆಸರಿಡಲು, ಊರಿಗೆ ಮರಳಲು, ಎಲ್ಲಕ್ಕೂ ಬೆರಳು. ಪಾದ್ರಿಗಳಿಗೆ ಇದು ಹಿಡಿಸದು. ನಾನು ಮಾತ್ರ ಇದ್ದದ್ದನ್ನು ಇದ್ದಂತೆ ಓದುತ್ತಿದ್ದೆ. ಉತ್ತರವಿಲ್ಲದ ವಾಕ್ಯ ಬಂದರೆ, “ಇದರಾಗ ಏನೂ ಇಲ್ಲ, ನೀವೇ ವಿಚಾರ ಮಾಡ್ರಿ” ಎಂದು ಕಳಿಸುತ್ತಿದ್ದೆ. ಅದರಲ್ಲಿ ನನಗೆ ಹೆಮ್ಮೆಯೂ ಇತ್ತು.

ಒಂದು ಗುರುವಾರ ಮರಿಯಮ್ಮ ಒಳಗೆ ಬಂದು ನಿಂತಳು. ಕೂರಲಿಲ್ಲ.

“ಅಕ್ಕೋರ, ದಾನಪ್ಪ ಕೇಳ್ಯಾನ.”

ದಾನಪ್ಪ ಮುದಗಲ್ಲಿನವನು, ಕಾಲುವೆಯ ತೂಬುಗಳಿಗೆ ಕಲ್ಲು ಕಡಿಯುವವನು, ಹೆಂಡತಿ ಸತ್ತವನು, ನಮ್ಮ ಸಭೆಗೂ ಬರುತ್ತಿದ್ದವನು. ಇಲ್ಲಿಯ ಕೆಲಸ ಮುಗಿದು ಊರಿಗೆ ಹೊರಟಿದ್ದ. ಊರು ಸೇರುವ ಮುಂಚೆ ಎರಡು ದಿನ ಮಸ್ಕಿಯಲ್ಲಿರುವ ಅಕ್ಕನ ಮನೆಯಲ್ಲಿರುತ್ತಾನೆ. ಶನಿವಾರ ಅಲ್ಲಿ ಬಸ್ ನಿಲ್ಲುವ ಕಡೆ ಕಾಯುತ್ತಾನೆ. ಇವಳು ಬಂದರೆ ಇಬ್ಬರೂ ಮುದಗಲ್ಲಿಗೆ ಹೋಗಿ ಮದುವೆ. ಬಾರದಿದ್ದರೆ ಒಲ್ಲೆ ಎಂದು ತಿಳಿಯುತ್ತಾನೆ.

“ಮಾತು ಭಾಳ ಕಡಿಮಿರಿ ಅಂವಂದು. ಕಲ್ಲಿನ ಸಂಗಾಟ ಇದ್ದು ಇದ್ದು ಹಂಗ ಆಗ್ಯಾನ,” ಎಂದು ನಕ್ಕಳು.

“ನಿನಗ ಮನಸೈತೇನು?”

“ಐತ್ರಿ. ಅದಕ್ಕ ಹೆದರಿಕಿ. ನನಗ ಬೇಕಂದದ್ದು ದೇವರಿಗೆ ಸರಿ ಬರ್ತೈತೋ ಇಲ್ಲೋ... ನೀವ ಓದಿ ಹೇಳ್ರಿ.”

ಕಣ್ಣು ಮುಚ್ಚಿ ನನ್ನ ಸತ್ಯವೇದ ತೆರೆದಳು. ಮಣ್ಣು ಕಚ್ಚಿದ ಆ ಬೆರಳು ಪುಟದ ನಡುವೆ ನಿಂತಿತು. ನಾನು ಬಗ್ಗಿ ನೋಡಿದೆ. ಅಡವಿಯಲ್ಲಿ ದೇವರಿಗಾಗಿ ಕಟ್ಟಿಸಿದ ಗುಡಾರದ ಲೆಕ್ಕ — ಒಂದೊಂದು ಪರದೆ ಎಷ್ಟು ಮೊಳ ಉದ್ದ, ಎಷ್ಟು ಮೊಳ ಅಗಲ ಎಂಬ ಅಳತೆ. ಹೋಗು ಎಂದಿರಲಿಲ್ಲ, ಇರು ಎಂದೂ ಇರಲಿಲ್ಲ.

ಇದರಾಗ ಏನೂ ಇಲ್ಲ ಎನ್ನಬೇಕಿತ್ತು. ಅಷ್ಟಂದಿದ್ದರೆ ಅವಳು ಹೋಗುತ್ತಿದ್ದಳು — ಹೋಗುತ್ತಿದ್ದಳೆಂದು ನನಗೆ ಗೊತ್ತಿತ್ತು. ಖಾಲಿ ಹೊಸ್ತಿಲು ಕಣ್ಣಿಗೆ ಕಟ್ಟಿತು. ನನ್ನ ದನಿ, ಸಭೆಯಲ್ಲಿ ಓದುವ ದನಿಯೇ, ತಾನಾಗಿ ಎದ್ದಿತು ಎಂದು ಬರೆಯಹೊರಟಿದ್ದೆ. ಅದೂ ಸುಳ್ಳು. ನಾನೇ ಎಬ್ಬಿಸಿದೆ.

“ನೀನು ಇರುವ ಸ್ಥಳದಲ್ಲಿಯೇ ಇರು, ಅದನ್ನು ಬಿಟ್ಟು ಹೊರಡಬೇಡ.”

“ಇನ್ನೊಮ್ಮೆ ಓದ್ರಿ.”

ಓದಿದೆ. ಈ ಸಲ ಸಾಲಿನ ಕೆಳಗೆ ಬೆರಳು ಆಡಿಸುತ್ತ ಓದಿದೆ.

ಅವಳು ಅಳಲಿಲ್ಲ. ಸೆರಗಿನ ಅಂಚಿನಿಂದ ಕೆಂಪು ನೂಲೊಂದನ್ನು ಎಳೆದು ಆ ಪುಟದಲ್ಲಿಟ್ಟಳು. “ಇದು ನನ್ನ ವಾಕ್ಯರಿ,” ಎಂದಳು. ಶನಿವಾರ ದಾನಪ್ಪ ಮಸ್ಕಿಯಲ್ಲಿ ಮೂರು ಬಸ್ ಬಿಟ್ಟು ನಾಲ್ಕನೆಯದಕ್ಕೆ ಹತ್ತಿದನೆಂದು ಆಮೇಲೆ ಯಾರೋ ಹೇಳಿದರು. ಅವಳು ಅಂದೂ ಆರಕ್ಕೆ ಬಂದು ಹೊಸ್ತಿಲಲ್ಲಿ ಕೂತಳು.

ಹದಿನಾಲ್ಕು ವರ್ಷ ಹಾಗೆಯೇ ಬಂದಳು. ಮೈ ಸರಿಯಿಲ್ಲದಾಗ, ಕೆಲಸ ತಪ್ಪಿದಾಗ, ಆ ನೂಲನ್ನು ಮುಟ್ಟಿ, “ನನ್ನದು ಒಮ್ಮೆ ಓದ್ರಿ” ಎನ್ನುವಳು. ನಾನು ಓದುವೆ. ಅವಳ ಕಣ್ಣು ನೋಡದೆ ಓದುವುದು ರೂಢಿಯಾಯಿತು. ದಿನದ ಓದು ಆ ಅಧ್ಯಾಯಕ್ಕೆ ಬಂದಾಗ ಹಾರಿಸಿ ಮುಂದಿನದು ಓದಿದೆ. ಒಮ್ಮೆಯೂ ನಿಯಮ ಮುರಿಯದವಳು ಅದೊಂದನ್ನು ಮಾತ್ರ ಪ್ರತಿ ಸುತ್ತಿನಲ್ಲೂ ಮುರಿದೆ. ಅವಳನ್ನು ಉಳಿಸಿಕೊಂಡಿದ್ದೆನಲ್ಲ — ಆದರೂ ಅವಳು ಎದುರಿಗೆ ಕೂತಾಗಲೇ ನಾನು ಅತಿ ಒಂಟಿಯಾಗಿರುತ್ತಿದ್ದೆ.

ಇದಕ್ಕಿಂತ ದೊಡ್ಡದನ್ನು ಇನ್ನೂ ಬರೆದಿಲ್ಲ. ಒಂದು ಬೇಸಿಗೆ ಅವಳು ಕೇಳಿದಳು, “ಅಕ್ಕೋರ, ನನಗ ಓದಾಕ ಕಲಸ್ರಿ. ಎಲ್ಲಾ ಬ್ಯಾಡ. ಆ ಒಂದ ವಾಕ್ಯ.”

ಕ್ಯಾಂಪಿನ ಎಷ್ಟೋ ಮಕ್ಕಳ ಕೈ ಹಿಡಿದು ತಿದ್ದಿಸಿದವಳು ನಾನು.

“ಈ ವಯಸ್ಸಿಗೆ ಕಣ್ಣು ನಿಲ್ಲಂಗಿಲ್ಲ, ಮರಿಯಮ್ಮ,” ಎಂದೆ.

“ಹೌದ ಬಿಡ್ರಿ. ಬುಟ್ಟಿ ಹೊತ್ತ ತಲಿಗೆ ಅಕ್ಷರ ಎಲ್ಲಿ ಹಿಡೀತಾವು,” ಎಂದು ನಕ್ಕುಬಿಟ್ಟಳು. ಆಗ ಅವಳಿಗೆ ನಲವತ್ತೂ ತುಂಬಿರಲಿಲ್ಲ.

ಅವಳನ್ನು ಮಣ್ಣು ಮಾಡಿದ ದಿನ ಪಾದ್ರಿಗಳು ಅವಳ ವಾಕ್ಯ ಯಾವುದೆಂದು ಕೇಳಿದರು; ಸಭೆಯವರಿಗೆಲ್ಲ ಕೆಂಪು ನೂಲಿನ ಸಂಗತಿ ಗೊತ್ತಿತ್ತು. ಯಾರೋ ನನ್ನ ಕೈಯಿಂದ ಸತ್ಯವೇದ ತೆಗೆದುಕೊಂಡು ಅವರಿಗೆ ಕೊಟ್ಟರು. ಅವರು ಪುಟ ನೋಡಿ ತಲೆಯೆತ್ತಿದರು.

“ಇಲ್ಲಿ ಬರೇ ಪರದೆಯ ಅಳತೆ ಐತಲ್ಲಮ್ಮ?”

“ನೂಲು ಜರುಗಿರಬೇಕ್ರಿ,” ಎಂದೆ. ತೆರೆದ ಕುಣಿಯ ಪಕ್ಕದಲ್ಲಿ ನಿಂತು ಹಾಗೆಂದೆ. ಅವರು ಬೇರೆ ಏನೋ ಓದಿ ಮುಗಿಸಿದರು.

ನೂಲು ಜರುಗಿರಲಿಲ್ಲ. ಈಗಲೂ ಅಲ್ಲೇ ಇದೆ, ಬಣ್ಣ ಮಾಸಿದೆ. ದಾನಪ್ಪ ಬದುಕಿದ್ದಾನೋ ಇಲ್ಲವೋ ತಿಳಿಯದು. ಇಷ್ಟು ವರ್ಷ ವಿಚಾರಿಸುವ ಧೈರ್ಯವೂ ಮಾಡಲಿಲ್ಲ. ಬರುವ ಭಾನುವಾರ ಈ ಹಾಳೆಗಳನ್ನು ಸಭೆಯ ಮುಂದೆ ನಾನೇ ಓದುತ್ತೇನೆ. ಸೋಮವಾರ ಮೊದಲ ಬಸ್ಸಿಗೆ ಮುದಗಲ್ಲಿಗೆ ಹೊರಡುತ್ತೇನೆ. ಅವನಿರಲಿ, ಅವನ ಕಡೆಯವರಿರಲಿ, ಯಾರಾದರೊಬ್ಬರು ಕೇಳಬೇಕು.

ಮರಿಯಮ್ಮ, ಇಂದು ಆರು ಗಂಟೆಗೆ ಬಾಗಿಲು ತೆರೆದಿಟ್ಟು ನಿನ್ನ ಪುಟ ಓದಿದೆ, ಬೆರಳಿಟ್ಟು, ಗಟ್ಟಿಯಾಗಿ. ಒಂದೊಂದು ಪರದೆ ಇಪ್ಪತ್ತೆಂಟು ಮೊಳ ಉದ್ದ, ನಾಲ್ಕು ಮೊಳ ಅಗಲ. ಅಲ್ಲಿರುವುದು ಅಷ್ಟೇ. ಹೊರಡಬೇಡ ಎಂದು ಎಲ್ಲೂ ಇಲ್ಲ.