ಓಂಕಾರಪ್ಪನ ನೆಟ್ಟ ನೋಟ

ಟೆಲಿಸ್ಕೋಪು ಮಾಡಿದವನೊಬ್ಬನನ್ನು ಬಿಟ್ಟು ಕಂಡಕಂಡವರಿಗೆಲ್ಲ ಆ ಗೆಲಾಕ್ಸಿ ಕಂಡಿತ್ತು. ಓಂಕಾರಪ್ಪನ ಮೈಯೆಲ್ಲ ಉರಿಯುತ್ತಿದ್ದದ್ದು ಅದಕ್ಕೇ.

ಹೊಸದುರ್ಗದ ಕಡೆಯ ಈ ಮನುಷ್ಯ ಹುಡುಗುವಯಸ್ಸಿನಲ್ಲೇ ಕೆ.ಜಿ.ಎಫ್.ಗೆ ಬಂದು, ಕಾರ್ಖಾನೆಯಲ್ಲಿ ವೆಲ್ಡರ್ ಆಗಿ, ಕಾಮಸಮುದ್ರದ ಚೌಡಮ್ಮನನ್ನು ಮದುವೆಯಾಗಿ ಆಂಡರ್ಸನ್‌ಪೇಟೆಯಲ್ಲಿ ಮನೆ ಮಾಡಿದವನು. ಕೆಲಸದಲ್ಲಿ ಎತ್ತಿದ ಕೈ. ಸಿಟ್ಟಿನಲ್ಲಿ ಅದಕ್ಕಿಂತ ಒಂದು ಕೈ ಮೇಲು. ಸಾರಿಗೆ ಉಪ್ಪು ಕಡಿಮೆಯಾದರೂ ಕಣ್ಣು ಕೆಂಪು, ಬಾಗಿಲು ಕಿರುಗುಟ್ಟಿದರೂ ಕಣ್ಣು ಕೆಂಪು. ನಿವೃತ್ತಿಯಾದ ಮೇಲಾದರೂ ತಣ್ಣಗಾಗುತ್ತಾನೆ ಎಂದುಕೊಂಡಿದ್ದಳು ಚೌಡಮ್ಮ. ಪಾಪ, ಅವಳಿಗೇನು ಗೊತ್ತು! ಅವನು ಟೆಲಿಸ್ಕೋಪಿನ ಹುಚ್ಚು ಹತ್ತಿಸಿಕೊಂಡ.

ಹಿಡಿದದ್ದನ್ನು ಬಿಡುವ ಆಸಾಮಿಯಲ್ಲ. ಟೆಲಿಸ್ಕೋಪಿನ ಕನ್ನಡಿಗೆಂದು ಹಿತ್ತಲಲ್ಲಿ ಡ್ರಮ್ಮಿನ ಮೇಲೆ ದಪ್ಪ ಗಾಜಿಟ್ಟು, ಸಾಣೆಪುಡಿ ಉದುರಿಸಿ, ಡ್ರಮ್ಮನ್ನು ಸುತ್ತುತ್ತ ತಿಂಗಳುಗಟ್ಟಲೆ ಉಜ್ಜಿದ. "ದೇವಸ್ಥಾನ ಸುತ್ತಿದ್ರೆ ಪುಣ್ಯಾನಾದ್ರೂ ಬತ್ತಿತ್ತು" ಎಂದು ಚೌಡಮ್ಮ ಅವನ ಕಿವಿಗೆ ಬೀಳದ ಹಾಗೆ ಗೊಣಗಿದಳು. ಕನ್ನಡಿಯೇನೋ ಚೆನ್ನಾಗಿಯೇ ಬಂತು. ಸ್ಟ್ಯಾಂಡು ಮಾತ್ರ ವೆಲ್ಡರ್ ಬುದ್ಧಿಯದು. ದಪ್ಪ ದಪ್ಪ ಆಂಗಲ್ ಕಬ್ಬಿಣ ತಂದು ಮೂಲೆಮೂಲೆಗೂ ಬೆಸುಗೆ ಹಾಕಿದ್ದ. ಲಾರಿ ಗುದ್ದಿದರೂ ಅಲ್ಲಾಡದು. ಅದನ್ನು ಆಟೋಗೆ ಹತ್ತಿಸುವಾಗೆಲ್ಲ ಡ್ರೈವರ್ ಸಾಯಿಕುಮಾರ, "ಅಣ್ಣಾ, ಇದು ನಕ್ಷತ್ರ ನೋಡಾಕಾ, ಅವನ್ನ ಇಡ್ಕಂಬಂದು ಕಟ್ಟಾಕಾ?" ಎನ್ನುತ್ತಿದ್ದ.

ಆಂಡರ್ಸನ್‌ಪೇಟೆಯಲ್ಲಿ ಬೀದಿದೀಪಗಳ ಕಾಟ. ಆದ್ದರಿಂದ ಚಾಂಪಿಯನ್ ರೀಫ್ಸಿನಲ್ಲಿ, ಹಿಂದೆ ಗಣಿಯಲ್ಲಿದ್ದ ಕುಪ್ಪುಸ್ವಾಮಿಯ ಮನೆ ಹಿಂದಿನ ಬಯಲಿಗೆ ಬರಬೇಕು. ಡಿಸೆಂಬರಿನಲ್ಲಿ ಊಟದ ಹೊತ್ತಿಗೆಲ್ಲ ತ್ರಿಕೋನವೆಂಬ ನಕ್ಷತ್ರಪುಂಜ ನೆತ್ತಿಯ ಹತ್ತಿರ ಬರುತ್ತದೆ. ಅಲ್ಲೊಂದು ಸುರುಳಿ ಗೆಲಾಕ್ಸಿ. ಅದರ ಬೆಳಕು ನಮ್ಮನ್ನು ಮುಟ್ಟಲು ಲಕ್ಷಾಂತರ ವರ್ಷ ಬೇಕು, ಮುಟ್ಟಿದಾಗಲೂ ತೀರ ಮಬ್ಬು. ಪಟದಲ್ಲಿ ಅದನ್ನು ನೋಡಿದಂದಿನಿಂದ ಓಂಕಾರಪ್ಪನಿಗೆ ಒಂದೇ ಹಟ, ಸ್ವಂತ ಕಣ್ಣಿಂದ ನೋಡಬೇಕು.

ನೋಡಿದ. ಕರೀ ಆಕಾಶ, ನಾಲ್ಕು ಚುಕ್ಕಿ. ಕುಪ್ಪುಸ್ವಾಮಿ ಸುಮ್ಮನೆ ಹೀಗೆ ಬಗ್ಗಿ, "ಇದೆಯಲ್ಲ ಸಾರ್, ಇಡ್ಲಿ ಪಾತ್ರೆ ಆವಿ ಮಾದಿರಿ" ಎಂದುಬಿಟ್ಟ. ಸಾಯಿಕುಮಾರ ಫೋನಿನಲ್ಲಿ ಬಾಡಿಗೆ ಮಾತಾಡುತ್ತಲೇ ಕಣ್ಣು ಹಾಯಿಸಿ, "ಐತೆ ಕಣಣ್ಣ, ಮಂಕಾಗೈತೆ" ಎಂದ. ಬೀಡಿಗೆ ಬೆಂಕಿ ಕೇಳಲು ಬಂದ ದಾರಿಹೋಕನಿಗೂ ಕಂಡಿತು! ಓಂಕಾರಪ್ಪ ಉಸಿರು ಬಿಗಿಹಿಡಿದು ಮತ್ತೆ ನೋಡಿದ. ಏನೂ ಇಲ್ಲ.

ಹೊರಗೆ ಸಿಟ್ಟು, ಒಳಗೆ ಪುಕುಪುಕು. ಬಂಗಾರಪೇಟೆಯ ಕಣ್ಣಿನ ಡಾಕ್ಟರು ತೊಂದರೆಯೇನಿಲ್ಲ ಎಂದಿದ್ದರೂ ಅವನು ನಂಬಿರಲಿಲ್ಲ. ಜೀವಮಾನವಿಡೀ ಬೆಸುಗೆಯ ಬೆಂಕಿಯನ್ನು ನೋಡಿದ ಕಣ್ಣು. ಕಪ್ಪು ಗಾಜಿನ ಮರೆಯಿಂದಲೇ ನೋಡಿದ್ದರೂ ಆ ಬೆಂಕಿ ಒಳಗೊಳಗೇ ಏನನ್ನೋ ತಿಂದುಹಾಕಿದೆ ಎಂದು ಅವನ ಗುಮಾನಿ. ಕೈಯಾರೆ ಉಜ್ಜಿದ ಕನ್ನಡಿಯಲ್ಲಿ ತನಗೊಬ್ಬನಿಗೆ ಕಾಣದೇ ಹೋಗುತ್ತದಲ್ಲ ಎಂದು ನೆನೆದರೆ ಅಳು ಬರುತ್ತಿತ್ತು. ಅಳು ಬಂದಾಗ ಅವನು ಬೈಯುತ್ತಿದ್ದ.

ಆ ರಾತ್ರಿ ಚೌಡಮ್ಮನೂ ಜೊತೆಗೆ ಬಂದಿದ್ದಳು. ಬಲ್ಬು ಆರಿಸಲು ತಡಮಾಡಿದ್ದಕ್ಕೆ ಕುಪ್ಪುಸ್ವಾಮಿಗೆ ಬೈಗುಳವಾಯಿತು. ಆಟೋದ ದೀಪ ಉರಿಸಿದ್ದಕ್ಕೆ ಸಾಯಿಕುಮಾರನಿಗಾಯಿತು. ಕೊನೆಗೆ ಹೆಂಡತಿಯ ಕಡೆ ತಿರುಗಿದ.

"ನೀನು ನೋಡೇ. ನಿನಗೂ ಕಂಡ್ರೆ ಇವತ್ತೇ ಇದನ್ನ ಗುಜರಿಗೆ ಹಾಕ್ತೀನಿ."

ಚೌಡಮ್ಮ ಸೆರಗು ಸರಿಮಾಡಿಕೊಂಡು ಬಗ್ಗಿದಳು.

"ಕಾಣ್ತೈತೆ" ಎಂದಳು ಮೆಲ್ಲಗೆ.

"ಸಾಯೀ! ಆಟೋ ತಗೊಂಬಾರೋ. ಗುಜರಿಗೆ ಹಾಕೋಣ."

"ಇನ್ನೊಂದ್ಸಲ ನೋಡ್ರೀ" ಎಂದು ಚೌಡಮ್ಮ ಸ್ಟ್ಯಾಂಡು ಹಿಡಿದುಕೊಂಡಳು.

ಅವನು ಹಲ್ಲು ಕಚ್ಚಿ, ಒಂದು ಕಣ್ಣು ಬಿಗಿಯಾಗಿ ಮುಚ್ಚಿ, ಇನ್ನೊಂದನ್ನು ಗೆಲಾಕ್ಸಿ ಇರಬೇಕಾದ ಜಾಗಕ್ಕೆ ನೆಟ್ಟ. ಬೆಸುಗೆ ಹಾಕುವವನು ನೋಡುವುದೇ ಹಾಗೆ. ಬೆಂಕಿ ಮುಟ್ಟುವ ಕಡೆಯಿಂದ ಕಣ್ಣು ಕೂದಲೆಳೆಯಷ್ಟು ಸರಿದರೂ ಕೆಲಸ ಕೆಟ್ಟಂತೆ. ಆದರೆ ಮಬ್ಬು ಬೆಳಕು ಕಣ್ಣಿನ ನಟ್ಟನಡುವಿಗೆ ಸಿಕ್ಕುವುದಿಲ್ಲ, ಅಂಚಿಗೆ ಸಿಕ್ಕುತ್ತದೆ. ಉಳಿದವರು ಉಡಾಫೆಯಿಂದ ಕಣ್ಣಾಡಿಸಿದ್ದಕ್ಕೇ ಅವರಿಗೆ ಕಂಡದ್ದು.

"ಅಂಗೆ ಗುರಾಯಿಸಿದ್ರೆ ಯಾವ್ದು ತಾನೇ ನಿಮ್ ಮುಂದೆ ನಿಲ್ತೈತೆ?" ಎಂದಳು ಚೌಡಮ್ಮ. "ಅದನ್ನ ನೋಡ್ಬೇಡಿ. ಪಕ್ಕದ್ ಚುಕ್ಕಿ ನೋಡ್ತಾ ಇದನ್ನ ಓರೆಗಣ್ಣಾಗೆ ಇಟ್ಕಳಿ."

"ನಿನಗ್ಯಾರೇ ಹೇಳಿಕೊಟ್ರು?"

"ಯೋಳ್ಕೊಡೋದೇನ್ ಬಂತು. ಮದ್ವೆ ಆದಾಗ್ನಿಂದ ನಿಮ್ ಮುಖಾನ ನಾನು ಇಂಗೇ ನೋಡಿರೋದು. ನೆಟ್ಟಗೆ ನೋಡಾಕೆ ಯಾವತ್ತು ಬಿಟ್ರಿ?"

ಕುಪ್ಪುಸ್ವಾಮಿ ಏನೋ ಕೆಲಸ ನೆನಪಾದವನಂತೆ ಮನೆಯೊಳಗೆ ಹೋದ. ಓಂಕಾರಪ್ಪ ಮತ್ತೆ ಬಗ್ಗಿದ. ಪಕ್ಕದ ಚುಕ್ಕಿಯನ್ನು ನೋಡಿದ. ಕತ್ತಲಲ್ಲಿ ಏನೋ ಮೆಲ್ಲಗೆ ಎದ್ದು ಬಂತು. ಅಗಲವಾಗಿ, ತೆಳ್ಳಗೆ, ಒಂದು ಕಡೆಗೆ ತುಸು ತಿರುಚಿಕೊಂಡು. ಆಸೆಯಿಂದ ಅದರ ಕಡೆಗೇ ತಿರುಗಿದ. ಹೋಯಿತು. ಮತ್ತೆ ಪಕ್ಕಕ್ಕೆ ನೋಡಿದ, ಮತ್ತೆ ಬಂತು. ಕಣ್ಣು ಕೆಟ್ಟಿರಲಿಲ್ಲ.

"ಕಂಡ್ತಾ?" ಚೌಡಮ್ಮ ಅತ್ತ ಮುಖ ಮಾಡಿಯೇ ಕೇಳಿದಳು.

"ಕಂಡ್ತು." ಟೆಲಿಸ್ಕೋಪಿನಿಂದ ತಲೆಯೆತ್ತಿ ಹೇಳಿದ, "ಇತ್ತ ನೋಡೇ."

ಅವಳು ತಿರುಗಿ ಅವನನ್ನು ನೆಟ್ಟಗೆ ನೋಡಿದಳು. ಓಂಕಾರಪ್ಪನೇ ತಲೆ ತಗ್ಗಿಸಿದ.