ಎದುರುಮನೆ ಅಜ್ಜಿಯ ಸರದಿ

ಬೊಬ್ಲಿಂಗೆನ್‌ನಲ್ಲಿ ನಮ್ಮದೇ ಮಹಡಿಯ ಎದುರುಮನೆಯ ಅಜ್ಜಿಗೆ ಎಂಬತ್ತು ದಾಟಿತ್ತು. ಜರ್ಮನ್ ಸರ್ಕಾರ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಹೊಸದಾಗಿ ಬಂದಿದ್ದ ನಮಗೆ ಕೇರ್‌ವೋಖೆ, ಅಂದರೆ ಗುಡಿಸುವ ವಾರದ ಪದ್ಧತಿ, ಕಲಿಸಿದವರು ಅವರೇ. ಆ ಹೆಸರು ಬರೆದ ಮರದ ಹಲಗೆ ಯಾರ ಬಾಗಿಲಲ್ಲಿ ತೂಗುತ್ತದೋ, ಆ ವಾರ ಮೆಟ್ಟಿಲು ಗುಡಿಸುವುದು ಅವರ ಪಾಲು. ‘ಸರದಿ ಅಂದರೆ ಸರದಿ’ ಎನ್ನುತ್ತ ಅಜ್ಜಿ ನಾನು ಬಿಟ್ಟ ಮೂಲೆಯ ಧೂಳನ್ನು ಬೆರಳಲ್ಲಿ ಒರೆಸಿ ತೋರಿಸುತ್ತಿದ್ದರು.

ಅವರ ಮಂಡಿನೋವು ಕಂಡು ನನ್ನ ಹೆಂಡತಿ, “ವಯಸ್ಸಾದವ್ರ ಕೈಲಿ ಪೊರಕೆ ಹಿಡಿಸ್ಬಾರ್ದು ಕಣ್ರೀ” ಎಂದಳು. ಅವರ ವಾರವನ್ನೂ ನಾನೇ ಗುಡಿಸಿಬಿಟ್ಟೆ. ಅಜ್ಜಿಯ ಮುಖ ಸಪ್ಪಗಾಯಿತು. ನನ್ನನ್ನು ತಮ್ಮ ಅಡುಗೆಮನೆಗೆ ಕರೆದು ಕೂರಿಸಿ, ಗೋಡೆಯ ಮೇಲಿದ್ದ ಫೋಟೋವನ್ನು ನೆಟ್ಟಗೆ ಮಾಡಿದರು. ಅದು ಎರಡನೇ ಮಹಾಯುದ್ಧದ ನಂತರ ಹುಟ್ಟಿದ ಹೊಸ ದೇಶದ ಮೊದಲ ಚಾನ್ಸಲರ್‌ದು.

“ಇವರು ದೇಶ ಹೇಗೆ ಕಟ್ಟಿದರೋ ನನಗೆ ಗೊತ್ತಿಲ್ಲ. ಮಾಸ್ಕೋಗೆ ಹೋಗಿ ಮಾತಾಡಿ, ಅಲ್ಲಿ ಇನ್ನೂ ಉಳಿದಿದ್ದ ನಮ್ಮ ಯುದ್ಧಕೈದಿಗಳನ್ನು ಬಿಡಿಸಿದರು. ಅವರಲ್ಲಿ ನನ್ನ ಗಂಡನೂ ಇದ್ದ. ಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಸ್ಟೇಷನ್ನಿನಲ್ಲಿ ನನಗೆ ಅವನ ಗುರುತೇ ಸಿಗಲಿಲ್ಲ. ಆ ವಾರ ಹಲಗೆ ಇದೇ ಬಾಗಿಲಲ್ಲಿತ್ತು. ಅದನ್ನು ನೋಡಿದವನೇ ಕೋಟೂ ಬಿಚ್ಚದೆ ಪೊರಕೆ ತಗೊಂಡು ಕೆಳಗಿನವರೆಗೂ ಗುಡಿಸಿದ. ಆಮೇಲೆ, ‘ಈಗ ಮನೆಗೆ ಬಂದೆ’ ಅಂದ.”

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ.

ಮುಂದಿನ ಸರದಿಯಲ್ಲಿ ಅಜ್ಜಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಗುಡಿಸಿದರು. ನಾವಿಬ್ಬರೂ ಬಾಗಿಲ ಹಿಂದೆ ನಿಂತು, ಪೊರಕೆಯ ಸದ್ದು ಕೊನೆಯ ಮೆಟ್ಟಿಲು ಮುಟ್ಟುವವರೆಗೂ ಕಾದೆವು.