ದಹಿ ಹಂಡಿಯ ಕೆಳಸಾಲು

ಅರವತ್ತೆರಡನೆಯ ವಯಸ್ಸಿನಲ್ಲಿ ನನ್ನ ತೂಕವನ್ನು ಒಬ್ಬರು ಮೆಚ್ಚಿಕೊಂಡರು. ಅದೂ ಗುಟ್ಟಾಗಿ ಅಲ್ಲ, ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನ ಅಂಗಳದಲ್ಲಿ, ಹತ್ತು ಜನರ ಎದುರು. ಸಣ್ಣವಳಿದ್ದಾಗಿಂದ ಡುಮ್ಮಿ ಅನ್ನಿಸಿಕೊಂಡೇ ಬೆಳೆದವಳು ನಾನು. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ, ಲೋಕಲ್‌ನಲ್ಲಿ ಮೂವರ ಸೀಟಿಗೆ ನಾಲ್ಕನೆಯವಳಾಗಿ ಕೂರಲು ಹೋದಾಗಲೆಲ್ಲ ಆ ಮೂವರೂ ಒಟ್ಟಿಗೆ ನಿಟ್ಟುಸಿರು ಬಿಡುತ್ತಿದ್ದರು. ಅವರ ಜಾಗದಲ್ಲಿದ್ದಿದ್ದರೆ ನಾನೂ ಬಿಡುತ್ತಿದ್ದೆ.

ಆಗ ನಾನು ನಿವೃತ್ತಳಾಗಿ ಎರಡು ವರ್ಷವಾಗಿತ್ತು. ಟೆಲಿಫೋನ್ ಆಫೀಸಿನಲ್ಲಿ ದಿನವಿಡೀ ಜನರ ದೂರು ಕೇಳಿ, ಸಮಾಧಾನ ಹೇಳಿ, ಆಮೇಲೆ ಮನೆಗೆ ಬಂದು ಇವರ ದೂರು ಕೇಳುತ್ತಿದ್ದವಳು. ನಿವೃತ್ತಿಯಾದ ಮರುದಿನದಿಂದ ಕಂಡವರೆಲ್ಲರದೂ ಒಂದೇ ಮಾತು: ಇನ್ನು ಆರಾಮಾಗಿ ಕೂತುಕೊಳ್ಳಿ. ಮಾಟುಂಗದ ದೇವಸ್ಥಾನಕ್ಕೆ ಹೋದರೂ ಗುರುತಿನವರು ಓಡಿ ಬಂದು ಕೂರಿಸುತ್ತಿದ್ದರು. ಕೂತು ಕೂತು ನನಗೆ ರೇಗಿಹೋಗಿತ್ತು. ಸತ್ಸಂಗಕ್ಕೆ ಸೇರಿದೆ, ನಿದ್ದೆ ಬಂತು. ಕ್ರೋಶಾ ಕಲಿಯಲು ಹೋದೆ. ಟೀಪಾಯಿಗೆಂದು ಶುರು ಮಾಡಿದ ಬಟ್ಟೆ ಮುಗಿಯುವಾಗ ಉಪ್ಪಿನಕಾಯಿ ಭರಣಿಯ ಬಾಯಿ ಮುಚ್ಚುವಷ್ಟು ಮಾತ್ರ ಆಗಿತ್ತು. ನನಗೆ ಏನು ಬೇಕೆಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಯಾರಿಗಾದರೂ ನನ್ನಿಂದ ಏನಾದರೂ ಆಗಬೇಕಿತ್ತು, ಅಷ್ಟೆ.

ಹೋದ ವರ್ಷ ಮಳೆಗಾಲದಲ್ಲಿ ಪಕ್ಕದ ವಿಂಗಿನ ಪಿ.ಟಿ. ಟೀಚರ್, ಒಂದು ಕಾಲದಲ್ಲಿ ಕಬಡ್ಡಿ ಆಡಿದ್ದ ಮರಾಠಿ ಹೆಂಗಸು, ನಮ್ಮ ಕಾಲನಿಯ ಹೆಂಗಸರದ್ದೇ ಒಂದು ಗೋವಿಂದಾ ತಂಡ ಕಟ್ಟಲು ಹೊರಟಳು. ಗೋಕುಲಾಷ್ಟಮಿಯ ಮರುದಿನ, ಎತ್ತರದಲ್ಲಿ ಹಗ್ಗಕ್ಕೆ ಕಟ್ಟಿದ ಮೊಸರಿನ ಮಡಕೆಯನ್ನು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಒಡೆಯುವ ತಂಡ. ನನ್ನ ಸೊಸೆ ಮೊದಲ ದಿನವೇ ಹೆಸರು ಕೊಟ್ಟಳು. ಅವಳು ವಿಜಯಪುರದವಳು, ಪವಾಯಿಯ ಆಫೀಸಿನಲ್ಲಿ ಕೆಲಸ, ಹತ್ತು ಅಂದರೆ ಹತ್ತುವ ಜಾತಿ. ನಾನು ಅವಳ ನೀರಿನ ಬಾಟಲಿ ಹಿಡಿದುಕೊಂಡು ನೋಡಲು ಹೋದವಳು.

ಟೀಚರ್ ಕೆಳಸಾಲಿಗೆ ಜನ ಆರಿಸುತ್ತಿದ್ದಳು. ಸಪೂರ ಹುಡುಗಿಯರನ್ನು ನೋಡಿ ತಲೆಯಾಡಿಸುತ್ತ ಬಂದವಳು ನನ್ನ ಎದುರು ನಿಂತಳು. ಹಲಸಿನ ಹಣ್ಣು ಆರಿಸುವವರ ಹಾಗೆ ಹಿಂದೆ ಮುಂದೆ ನೋಡಿ, ಹೆಗಲು ಒತ್ತಿ, ಇಂಥ ಗಟ್ಟಿ ಮೈ ಇಟ್ಟುಕೊಂಡು ಬಾಟಲಿ ಯಾಕೆ ಹಿಡಿದಿದ್ದೀರಿ, ಬನ್ನಿ ಅಂದಳು. ಬೇರೆ ಯಾರಿಗಾದರೂ ಹೇಳುತ್ತಿದ್ದಾಳೋ ಅಂತ ಹಿಂತಿರುಗಿ ನೋಡಿದೆ. ಹಿಂದೆ ನೀರಿನ ಟ್ಯಾಂಕಿ ಮಾತ್ರ ಇತ್ತು.

ಮನೆಯಲ್ಲಿ ಇವರು ಪೇಪರ್ ಕೆಳಗಿಟ್ಟು, "ನಿನಗೆ ಮರ್ಲು ಗಿರ್ಲು ಹಿಡಿದಿದೆಯಾ ಮಾರಾಯ್ತಿ?" ಅಂದರು. ಡಾಕ್ಟರಾದರೂ ಬೇಡ ಅನ್ನಲಿ ಎಂದು ಅವರೇ ಕರೆದುಕೊಂಡು ಹೋದರು. ಡಾಕ್ಟರು ನನ್ನ ಬಿ.ಪಿ. ನೋಡಿದರು, ಮೊಣಕಾಲಿನ ಎಕ್ಸ್‌ರೇ ನೋಡಿದರು, ಬೆನ್ನು ತಟ್ಟಿ ನೋಡಿದರು. ಕಡೆಗೆ ದಿನಾ ವಾಕಿಂಗ್ ಮಾಡಬೇಕೆಂದು ಇವರಿಗೆ ಹೇಳಿ ಕಳಿಸಿದರು. ನನಗೆ ದವಾಖಾನೆಯ ಮೆಟ್ಟಿಲ ಮೇಲೆ ನಗು ತಡೆಯಲಾಗಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ನೆಲದ ಮೇಲೆ ಇದ್ದೆನೋ ಇಲ್ಲವೋ ಹೇಳಲಾರೆ. ಜೀವನದಲ್ಲಿ ಮೊದಲ ಸಲ ಟ್ರ್ಯಾಕ್ ಪ್ಯಾಂಟ್ ಹಾಕಿದೆ. ಅದಕ್ಕೆ ಎರಡು ಜೇಬಿದ್ದವು! ಇಷ್ಟು ವರ್ಷ ಗಂಡಸರು ಈ ಸುಖವನ್ನು ಬಾಯಿಬಿಡದೆ ಅನುಭವಿಸಿದ್ದಾರೆ. ಸಂಜೆ ಅಂಗಳದಲ್ಲಿ ಗಾದಿ ಹಾಸಿ, ನಾವು ದಪ್ಪನೆಯವರೆಲ್ಲ ವೃತ್ತವಾಗಿ ಹೆಗಲಿಗೆ ಕೈ ಕೊಟ್ಟು ನಿಲ್ಲುತ್ತಿದ್ದೆವು. ಸೊಸೆ ನನ್ನ ಸೊಂಟಕ್ಕೆ ಕಾಲಿಟ್ಟು ಹೆಗಲೇರುತ್ತಿದ್ದಳು. ಸೊಸೆ ಅತ್ತೆಯ ತಲೆಗೇ ಹತ್ತಿಬಿಟ್ಟಳಲ್ಲ ಅಂತ ಬಾಲ್ಕನಿಗಳಿಂದ ಚೇಷ್ಟೆ ಮಾಡಿದರು. ಇನ್ನೂ ಹೆಗಲಲ್ಲೇ ಇದ್ದಾಳೆ ಅಂತ ನಾನೂ ಕೂಗಿದೆ.

ಕೆಳಸಾಲಿನವರಿಗೆ ಇರುವುದು ಒಂದೇ ನಿಯಮ. ತಲೆ ಎತ್ತಬಾರದು. ಕತ್ತು ಎತ್ತಿದರೆ ಹೆಗಲು ಸಡಿಲವಾಗುತ್ತದೆ, ಮೇಲಿನವರ ಕಾಲು ಜಾರುತ್ತದೆ. "ಕಾಕೂ, ನೀಚೇ ದೇಖನೇ ಕಾ," ಅಂತ ಟೀಚರ್ ದಿನಾ ಹೇಳುತ್ತಿದ್ದಳು. ನಾನೂ ನೆಲ ನೋಡುತ್ತಲೇ ಇದ್ದೆ. ಆದರೆ ನಾಲ್ಕನೆಯ ಸಾಲು ಮೊದಲ ಸಲ ಏರಿದ ಸಂಜೆ, ಮೇಲಿನ ಹುಡುಗಿ ಎರಡೂ ಕೈ ಎತ್ತಿದಳಂತೆ, ಸುತ್ತಲಿನವರು ಸೀಟಿ ಹೊಡೆದರು, ನನಗೆ ತಡೆಯಲಾಗಲಿಲ್ಲ. ಕತ್ತೆತ್ತಿ ನೋಡಿಯೇಬಿಟ್ಟೆ. ಕಂಡದ್ದು ಯಾರದೋ ಹಿಮ್ಮಡಿ. ಮರುಕ್ಷಣ ಎಲ್ಲರೂ ಗಾದಿಯ ಮೇಲಿದ್ದೆವು.

ಸೊಸೆಯ ಮಣಿಕಟ್ಟು ಊದಿಕೊಂಡಿತು. ಟೀಚರ್ ಬೈಯಲಿಲ್ಲ. ವಯಸ್ಸಾದವರು, ನಾಳೆಯಿಂದ ಎಲ್ಲರಿಗೂ ನಿಂಬೆ ಶರಬತ್ತು ಮಾಡಿಕೊಡಿ ಸಾಕು ಅಂದಳು. ಬೈದಿದ್ದರೇ ಚೆನ್ನಾಗಿತ್ತು. ಅಡುಗೆಮನೆಗೆ ಬಂದು ಕುಕ್ಕರಿನ ಸೀಟಿಯಲ್ಲಿ ಯಾರಿಗೂ ಕೇಳಿಸದ ಹಾಗೆ ಅತ್ತೆ. ಆಫೀಸು ಬಿಡುವ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಆ ವೃತ್ತದಲ್ಲಿ ನನ್ನದೊಂದು ಜಾಗ ಇತ್ತು, ಅದನ್ನು ಕಳೆದುಕೊಂಡೆ ಅನ್ನುವುದೇ ಸಂಕಟ.

ಸೊಸೆ ಐಸ್ ಕಟ್ಟಿಕೊಂಡ ಕೈಯಲ್ಲೇ ಒಳಗೆ ಬಂದಳು. "ಅತ್ತಿ, ನನಗೇನೂ ಆಗಿಲ್ರಿ. ನೀವು ಬಿಟ್ರ ನಾನು ಮತ್ಯಾರ ಹೆಗಲ ಮ್ಯಾಲೂ ಹತ್ತಂಗಿಲ್ಲ." ಅದನ್ನೇ ಟೀಚರ್‌ಗೂ ಹೋಗಿ ಹೇಳಿದಳು. ಎರಡು ದಿನ ಬಿಟ್ಟು ಟೀಚರ್ ಕರೆದಳು. ಇನ್ನೊಮ್ಮೆ ತಲೆ ಎತ್ತಿದರೆ ಶರಬತ್ತೇ ಗತಿ ಅಂದಳು. ನಾನು ಆಗಲೇ ನೆಲ ನೋಡಿಕೊಂಡು ಹೂಂ ಅಂದೆ.

ಹಬ್ಬದ ದಿನ ಮಳೆ. ಕಿಟಕಿಗಳಿಂದ ಬಕೆಟ್ ಬಕೆಟ್ ನೀರು ಬೇರೆ. ಸ್ಪೀಕರಿನ ಸದ್ದಿಗೆ ಎದೆಯೊಳಗೆ ಗಾಜಿನ ಸಾಮಾನು ಅಲ್ಲಾಡಿದ ಹಾಗಾಗುತ್ತಿತ್ತು. ವೃತ್ತ ಕಟ್ಟಿದೆವು. ಸೊಸೆಯ ಪಾದ ಹೆಗಲ ಮೇಲೆ ಬಂತು, ಆಮೇಲೆ ಅವಳ ಮೇಲಿನವರ ಭಾರ, ಆಮೇಲೆ ಇನ್ನೂ ಒಂದು. ನಾನು ಎದುರಿನವಳ ಕಾಲ್ಬೆರಳು ನೋಡುತ್ತ ನಿಂತೆ. ಹೆಬ್ಬೆರಳಿನ ಉಗುರಿನ ಬಣ್ಣ ಅರ್ಧ ಕಿತ್ತುಹೋಗಿತ್ತು. ಆ ಬಣ್ಣ ಈಗಲೂ ಕಣ್ಣಿಗೆ ಕಟ್ಟಿದೆ. ಜನ ಕೂಗಿದರು, ಸೊಸೆಯ ಪಾದ ನಡುಗಿತು, ನನ್ನ ಕತ್ತಿನ ನರಗಳೆಲ್ಲ ಮೇಲೆ ನೋಡು ನೋಡು ಅಂದವು. ನಾನು ಹಲ್ಲು ಕಚ್ಚಿ ಆ ಹೆಬ್ಬೆರಳನ್ನೇ ನೋಡಿದೆ. ಇದ್ದಕ್ಕಿದ್ದಂತೆ ದೊಡ್ಡ ಗದ್ದಲ, ಆಮೇಲೆ ತಣ್ಣನೆಯ ಮೊಸರು ಕತ್ತಿನ ಮೇಲೆ ಸುರಿದು ಬೆನ್ನಿಗಿಳಿಯಿತು. ಒಡೆಯಿತು! ಆದರೂ ಕೊನೆಯವಳು ಕೆಳಗಿಳಿಯುವವರೆಗೆ ನಾನು ತಲೆ ಎತ್ತಲಿಲ್ಲ. ಎತ್ತಿದಾಗ ಮೇಲೆ ಬರಿ ಹಗ್ಗ ಓಲಾಡುತ್ತಿತ್ತು. ಅಳುತ್ತಿದ್ದೆನೋ ನಗುತ್ತಿದ್ದೆನೋ, ಮೊಸರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಹೇಗೆ ಕಾಣುತ್ತಿತ್ತೇ ಅಂತ ಸೊಸೆಯನ್ನು ಕೇಳಿದೆ. ನಿಮ್ಮ ತುರುಬು ಬಿಟ್ಟು ನಾನೇನೂ ನೋಡಿಲ್ರಿ ಅಂದಳು.

ಮನೆಗೆ ಬಂದರೆ ಇವರೂ ತೊಯ್ದು ತೊಪ್ಪೆಯಾಗಿ ನಿಂತಿದ್ದರು. ಬರುವುದೇ ಇಲ್ಲ ಅಂದವರು ಜನರ ನಡುವೆ ನಿಂತು ಮೊಬೈಲಿನಲ್ಲಿ ಎಲ್ಲ ತೆಗೆದಿದ್ದರಂತೆ. ನಾವಿಬ್ಬರೂ ಮೈ ಒರೆಸಿಕೊಳ್ಳದೆ ಕಣ್ಣರಳಿಸಿ ಕೂತೆವು. ವಿಡಿಯೋದಲ್ಲಿ ಬಂದದ್ದು ನನ್ನ ಟ್ರ್ಯಾಕ್ ಪ್ಯಾಂಟ್, ಅದರ ಕೆಳಗೆ ನನ್ನ ಎರಡು ಕಾಲು. ಗದ್ದಲವಾಯಿತು, ಮೊಸರು ಸುರಿಯಿತು, ಆಗಲೂ ಅದೇ ಕಾಲು. ಮೇಲಿನದು ಯಾಕೆ ತೆಗೆಯಲಿಲ್ಲ ಅಂತ ರೇಗಿದೆ.

"ನಿನ್ನ ಕಾಲಿನಿಂದ ಕಣ್ಣು ತೆಗೆಯಲಿಕ್ಕೆ ನನಗೆ ಧೈರ್ಯ ಬರಲಿಲ್ಲ," ಅಂದರು.

ಆ ಕಾಲುಗಳು ಒಂದಿಷ್ಟೂ ಅಲ್ಲಾಡಿರಲಿಲ್ಲ. ನನ್ನ ಕಾಲನ್ನು ನಾನು ಅಷ್ಟು ಖುಷಿಯಿಂದ ಎಂದೂ ನೋಡಿರಲಿಲ್ಲ. ಮತ್ತೊಮ್ಮೆ ಹಾಕಿ ಅಂದೆ.